ಪ್ರತಿ ತುತ್ತನ್ನೂ 32 ಸಲ ಅಗಿಯಬೇಕೇ? ಅಗಿಯುವುದರಿಂದಲೇ ಹೆಸರಾದ ಹೊರೇಸ್ ಫ್ಲೆಚರ್ ಕಥೆ

ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಈ ಮೆಸೇಜ್ ಒಮ್ಮೆಯಾದರೂ ಬಂದಿರಬಹುದು. ನಮ್ಮ ಬಾಯಲ್ಲಿ 32 ಹಲ್ಲುಗಳಿವೆ, ಆದ್ದರಿಂದ ಪ್ರತಿ ತುತ್ತನ್ನೂ 32 ಸಲ ಅಗಿದು ನುಂಗಬೇಕು. ಹೀಗೆ ಮಾಡಿದರೆ ಬೊಜ್ಜು ಕರಗುತ್ತದೆ, ಗ್ಯಾಸ್ ಟ್ರಬಲ್ ಹೋಗುತ್ತದೆ, ಶುಗರ್ ಹತೋಟಿಗೆ ಬರುತ್ತದೆ, ಔಷಧಿಯೇ ಬೇಕಾಗುವುದಿಲ್ಲ. ಕೊನೆಯಲ್ಲಿ ಆತ್ಮೀಯರಿಗೂ ಕಳುಹಿಸಿ ಎಂಬ ಮನವಿ.

ಈ ಸಲಹೆ ವಾಟ್ಸಾಪ್‌ಗಿಂತ ನೂರು ವರ್ಷ ಹಳೆಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಚೆನ್ನಾಗಿ ಅಗಿಯುವುದನ್ನೇ ಒಂದು ಚಳವಳಿ ಮಾಡಿದವರು ಹೊರೇಸ್ ಫ್ಲೆಚರ್. ಅವರು ವೈದ್ಯರಲ್ಲ, ವಿಜ್ಞಾನಿಯೂ ಅಲ್ಲ, ವ್ಯಾಪಾರಿ. ಆದರೆ ಫಾರ್ವರ್ಡ್ ಬರೆಯುವವರು ಸಾಮಾನ್ಯವಾಗಿ ಮಾಡದ ಒಂದು ಕೆಲಸವನ್ನು ಅವರು ಮಾಡಿದರು. ತಮ್ಮ ದೇಹವನ್ನೇ ದೊಡ್ಡ ವಿಶ್ವವಿದ್ಯಾಲಯಗಳ ಪ್ರಯೋಗಾಲಯಕ್ಕೆ ಒಪ್ಪಿಸಿ, ಪರೀಕ್ಷೆ ಮಾಡುವಂತೆ ಕೇಳಿಕೊಂಡರು. ಪರೀಕ್ಷೆ ನಡೆಯಿತು. ಫಲಿತಾಂಶವೂ ಚೆನ್ನಾಗಿಯೇ ಬಂತು. ಆದರೂ ಅವರ ವಾದ ಸಾಬೀತಾಗಲಿಲ್ಲ. ಅದು ಹೇಗೆ ಎಂದು ತಿಳಿದರೆ, ಮುಂದಿನ ಸಲ ಇಂಥ ಮೆಸೇಜ್ ಬಂದಾಗ ಅದನ್ನು ಓದುವ ರೀತಿಯೇ ಬದಲಾಗುತ್ತದೆ.

ವಿಮೆ ಸಿಗದ ಶ್ರೀಮಂತ

ಫ್ಲೆಚರ್ ಹುಟ್ಟಿದ್ದು 1849ರ ಆಗಸ್ಟ್ 10ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ಹಡಗು ಹತ್ತಿದವರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುದ್ರಣದ ಶಾಯಿ, ರೇಷ್ಮೆ, ಜಪಾನಿನ ಕಲಾವಸ್ತುಗಳ ವ್ಯಾಪಾರ ಮಾಡಿ ಚೆನ್ನಾಗಿ ದುಡ್ಡು ಮಾಡಿದರು. ಊರೂರು ಸುತ್ತುವುದು, ಗೆಳೆಯರೊಂದಿಗೆ ಭರ್ಜರಿ ಊಟ, ಇದು ಅವರ ಜೀವನವಾಗಿತ್ತು.

ನಲವತ್ತು ದಾಟುವ ಹೊತ್ತಿಗೆ ದೇಹ ತಕರಾರು ತೆಗೆಯಿತು. ಅವರ ತೂಕ 217 ಪೌಂಡ್, ಅಂದರೆ ಸುಮಾರು 98 ಕೆಜಿ. ಅಜೀರ್ಣ, ಪದೇ ಪದೇ ಜ್ವರ, ಯಾವಾಗಲೂ ಸುಸ್ತು. ಜೀವ ವಿಮೆಗೆ ಅರ್ಜಿ ಹಾಕಿದರೆ ವಿಮಾ ಕಂಪನಿಯವರು ಆಗುವುದಿಲ್ಲ ಎಂದುಬಿಟ್ಟರು. ಇಷ್ಟು ದಪ್ಪ ಇರುವ ಮನುಷ್ಯ ಬಹಳ ದಿನ ಬದುಕುವುದಿಲ್ಲ ಎಂಬುದು ಅವರ ಲೆಕ್ಕ. ಹಣವಿದ್ದರೂ ವಿಮೆ ಸಿಗಲಿಲ್ಲ ಎಂಬ ಸಂಗತಿ ಫ್ಲೆಚರ್ ಅವರನ್ನು ಗಾಬರಿಗೊಳಿಸಿತು.

1898ರಲ್ಲಿ ಅವರು ತಮ್ಮ ಮೇಲೆ ತಾವೇ ಪ್ರಯೋಗ ಶುರು ಮಾಡಿದರು. ನಿಜವಾಗಿ ಹಸಿವಾಗುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ಬಾಯಿಗಿಟ್ಟದ್ದನ್ನು ರುಚಿ ಪೂರ್ತಿ ಹೋಗುವವರೆಗೆ ಅಗಿಯುತ್ತಿದ್ದರು. ಹಸಿವು ಇಂಗಿದ ಕೂಡಲೇ ತಟ್ಟೆ ಸರಿಸುತ್ತಿದ್ದರು. ಕೆಲವೇ ತಿಂಗಳಲ್ಲಿ ತೂಕ 163 ಪೌಂಡ್‌ಗೆ, ಅಂದರೆ ಸುಮಾರು 74 ಕೆಜಿಗೆ ಇಳಿಯಿತು. ಮೈ ಹಗುರವಾಯಿತು. ಐವತ್ತನೇ ಹುಟ್ಟುಹಬ್ಬದ ದಿನ ಸೈಕಲ್‌ನಲ್ಲಿ ಸುಮಾರು 200 ಮೈಲಿ ಹೋದೆ ಎಂದು ಮುಂದೆ ಹೇಳಿಕೊಂಡರು. ತಮ್ಮನ್ನು ಬದುಕಿಸಿದ್ದು ಅಗಿಯುವ ಅಭ್ಯಾಸವೇ ಎಂದು ಅವರು ಗಟ್ಟಿಯಾಗಿ ನಂಬಿದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಅವರು ಒಟ್ಟಿಗೇ ಹಲವು ಬದಲಾವಣೆ ಮಾಡಿಕೊಂಡಿದ್ದರು. ಹಸಿವಾದಾಗ ಮಾತ್ರ ತಿಂದರು, ಕಡಿಮೆ ತಿಂದರು, ನಿಧಾನವಾಗಿ ತಿಂದರು, ಹೆಚ್ಚು ಅಗಿದರು. ಇವುಗಳಲ್ಲಿ ತೂಕ ಇಳಿಸಿದ್ದು ಯಾವುದು? ಫ್ಲೆಚರ್ ಮಾತ್ರ ಕೊನೆಯದನ್ನೇ ಹಿಡಿದುಕೊಂಡರು.

ನುಂಗುವುದಲ್ಲ, ತಾನಾಗಿ ಇಳಿಯಬೇಕು

ಜನ ಈ ಪದ್ಧತಿಯನ್ನು ಫ್ಲೆಚರಿಸಂ ಎಂದು ಕರೆದರು. ಸಾಮಾನ್ಯವಾಗಿ 32 ಸಲದ ನಿಯಮವನ್ನು ಫ್ಲೆಚರ್ ಹೆಸರಿಗೆ ಸೇರಿಸುತ್ತಾರೆ. ಆದರೆ ಹಲ್ಲಿಗೊಂದರಂತೆ 32 ಸಲ ಎಂಬ ಲೆಕ್ಕಕ್ಕೆ ಆಗ ಹೆಸರಾಗಿದ್ದವರು ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್. ತಮ್ಮ ಮಕ್ಕಳಿಗೆ ಅವರು ಹಾಗೆ ಹೇಳುತ್ತಿದ್ದರೆಂಬ ಮಾತು ಚಾಲ್ತಿಯಲ್ಲಿತ್ತು. ಫ್ಲೆಚರ್‌ಗೆ ಅದೂ ಸಾಲದು. ಅವರಿಗೆ ಸಂಖ್ಯೆ ಮುಖ್ಯವಾಗಿರಲಿಲ್ಲ. ಬಾಯಲ್ಲಿರುವುದು ನೀರಿನಂತಾಗಿ, ರುಚಿ ಕಳೆದುಕೊಂಡು, ನಾವು ಪ್ರಯತ್ನ ಮಾಡದೆಯೇ ಗಂಟಲಿನಿಂದ ಇಳಿದುಹೋಗಬೇಕು. ಒಮ್ಮೆ ಎಳೆ ಈರುಳ್ಳಿಯ ಸಣ್ಣ ಚೂರೊಂದು ಹಾಗೆ ಇಳಿಯಲು 722 ಸಲ ಅಗಿಯಬೇಕಾಯಿತು ಎಂದು ಅವರು ದಾಖಲಿಸಿದ್ದಾರೆ.

ಹಾಲು, ಸೂಪು, ವೈನ್ ಕೂಡ ಹಾಗೇ ಗುಟಕ್ಕನೆ ಕುಡಿಯುವಂತಿಲ್ಲ. ಬಾಯಲ್ಲಿ ಆಡಿಸಿ, ಜೊಲ್ಲಿನೊಂದಿಗೆ ಬೆರೆಸಿ, ಅಗಿದಂತೆ ಮಾಡಿಯೇ ನುಂಗಬೇಕು. ಎಷ್ಟು ಅಗಿದರೂ ತಾನಾಗಿ ಇಳಿಯದ ನಾರು, ಸಿಪ್ಪೆ ಉಳಿದರೆ ಉಗಿದುಬಿಡಬೇಕು. ಬಾಯಿಯ ಹಿಂಭಾಗದಲ್ಲಿ ಪ್ರಕೃತಿಯೇ ಇಟ್ಟಿರುವ ಒಂದು ಜರಡಿ ಇದೆ, ದೇಹಕ್ಕೆ ಯೋಗ್ಯವಾದದ್ದನ್ನು ಮಾತ್ರ ಅದು ಒಳಗೆ ಬಿಡುತ್ತದೆ ಎಂಬುದು ಅವರ ಸಿದ್ಧಾಂತ. ಇಷ್ಟನ್ನು ಪಾಲಿಸಿದರೆ ಅರ್ಧದಷ್ಟು ಆಹಾರದಲ್ಲೇ ಬದುಕಬಹುದು, ಬಡವರ ಹಸಿವೂ ನೀಗುತ್ತದೆ, ರೋಗಗಳೂ ಹೋಗುತ್ತವೆ ಎಂದು ಅವರು ಪುಸ್ತಕಗಳಲ್ಲಿ ಬರೆದರು, ಭಾಷಣಗಳಲ್ಲಿ ಹೇಳಿದರು.

ಪ್ರಯೋಗಾಲಯದ ಬಾಗಿಲು ತಟ್ಟಿದಾಗ

ಆಗ ಫ್ಲೆಚರ್ ಇಟಲಿಯ ವೆನಿಸ್ ನಗರದಲ್ಲಿ ವಾಸವಾಗಿದ್ದರು. ಅವರ ಮಲಮಗಳ ಗಂಡ ಅರ್ನೆಸ್ಟ್ ವಾನ್ ಸೋಮರನ್ ವೈದ್ಯರು. ಗಂಟಲಿನ ಜರಡಿಯ ಸಿದ್ಧಾಂತವನ್ನು ವೈದ್ಯಕೀಯ ಭಾಷೆಯಲ್ಲಿ ಬರೆದು 1901ರಲ್ಲಿ ಬ್ರಿಟಿಷ್ ವೈದ್ಯರ ಸಂಘದ ಮುಂದೆ ಮಂಡಿಸಿದವರು ಅವರೇ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಹೆಸರಾಂತ ಶರೀರಶಾಸ್ತ್ರಜ್ಞ ಮೈಕೆಲ್ ಫಾಸ್ಟರ್ ಈ ವಿಷಯದಲ್ಲಿ ಕುತೂಹಲ ತಾಳಿ ಇಬ್ಬರನ್ನೂ ಪರೀಕ್ಷೆಗೆ ಕರೆಸಿಕೊಂಡರು. ಆ ಪರೀಕ್ಷೆಯಲ್ಲಿ ಕೆಲಸ ಮಾಡಿದವರಲ್ಲಿ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಕೂಡ ಒಬ್ಬರು. ಮುಂದೆ ವಿಟಮಿನ್‌ಗಳ ಕುರಿತ ಕೆಲಸಕ್ಕಾಗಿ 1929ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇವರೇ. ಕಡಿಮೆ ಆಹಾರದಲ್ಲಿ ಫ್ಲೆಚರ್ ಆರಾಮವಾಗಿದ್ದರು ಎಂಬುದು ಅಲ್ಲಿ ಕಂಡುಬಂತು. ಆದರೆ ಪರೀಕ್ಷೆಯ ಅವಧಿ ಚಿಕ್ಕದು, ಇನ್ನೂ ದೀರ್ಘವಾದ ಅಧ್ಯಯನ ಬೇಕು ಎಂಬುದು ಕೇಂಬ್ರಿಡ್ಜ್‌ನ ನಿಲುವಾಗಿತ್ತು.

ಆಮೇಲೆ ಫ್ಲೆಚರ್ ಅಮೆರಿಕಕ್ಕೆ ಹೋಗಿ ಯೇಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ರಸೆಲ್ ಚಿಟೆಂಡನ್ ಅವರ ಕೈಗೆ ತಮ್ಮನ್ನು ಒಪ್ಪಿಸಿದರು. 1903ರ ಆರಂಭದಲ್ಲಿ ನಡೆದ ಈ ಪರೀಕ್ಷೆ ಬಹಳ ಕಟ್ಟುನಿಟ್ಟಿನದು. ತಿಂದದ್ದನ್ನೆಲ್ಲ ತೂಗುತ್ತಿದ್ದರು. ಮೂತ್ರವನ್ನು ಸಂಗ್ರಹಿಸಿ ಅದರಲ್ಲಿರುವ ಸಾರಜನಕವನ್ನು ಅಳೆಯುತ್ತಿದ್ದರು. ಪ್ರೋಟೀನ್‌ನಲ್ಲಿ ಸುಮಾರು 16 ಶೇಕಡಾ ಸಾರಜನಕ ಇರುತ್ತದೆ. ಆದ್ದರಿಂದ ಹೊರಹೋಗುವ ಸಾರಜನಕವನ್ನು ಅಳೆದರೆ ದೇಹ ದಿನಕ್ಕೆ ಎಷ್ಟು ಪ್ರೋಟೀನ್ ಬಳಸಿತು ಎಂದು ಲೆಕ್ಕ ಹಾಕಬಹುದು. ಬಾಯಿಮಾತಿಗೆ ಇಲ್ಲಿ ಜಾಗವಿಲ್ಲ.

ಫ್ಲೆಚರ್ ದಿನಕ್ಕೆ ಎರಡೇ ಹೊತ್ತು ತಿನ್ನುತ್ತಿದ್ದರು. ಧಾನ್ಯದ ತಿನಿಸು, ಹಾಲು, ಮೇಪಲ್ ಮರದ ಸಕ್ಕರೆ, ಅಷ್ಟೇ. ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್, ಸುಮಾರು 1600 ಕ್ಯಾಲರಿ. ಆ ಕಾಲದಲ್ಲಿ ಜರ್ಮನಿಯ ಕಾರ್ಲ್ ಫಾಯ್ಟ್ ಹೇಳಿದ್ದೇ ವೇದವಾಕ್ಯ. ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕೇ ಬೇಕು ಎನ್ನಲಾಗುತ್ತಿತ್ತು. ಅದರ ಅರ್ಧಕ್ಕಿಂತ ಕಡಿಮೆ ತಿಂದರೂ ಫ್ಲೆಚರ್ ತೂಕ ಇಳಿಯಲಿಲ್ಲ. ಯೇಲ್‌ನ ವ್ಯಾಯಾಮಶಾಲೆಯಲ್ಲಿ ದೋಣಿ ಸ್ಪರ್ಧೆಯ ಹುಡುಗರು ಮಾಡುವ ಕಸರತ್ತನ್ನೇ ಅವರಿಂದ ಮಾಡಿಸಿದರು. ಐವತ್ಮೂರು ವರ್ಷದ ಮನುಷ್ಯ, ಅಭ್ಯಾಸವಿಲ್ಲದಿದ್ದರೂ, ಮಾರನೆಯ ದಿನ ಮೈಕೈ ನೋವಿಲ್ಲದೆ ಓಡಾಡಿದರು. 1907ರಲ್ಲಿ ಮತ್ತೆ ಪರೀಕ್ಷೆ. ಮೀನಖಂಡದ ಶಕ್ತಿ ಅಳೆಯುವ ಯಂತ್ರದಲ್ಲಿ 300 ಪೌಂಡ್, ಅಂದರೆ ಸುಮಾರು 136 ಕೆಜಿ ಭಾರವನ್ನು ಅವರು 350 ಸಲ ಎತ್ತಿದರು.

ಅಳತೆ ಸರಿ, ಕಾರಣ ತಪ್ಪು

ಈ ಫಲಿತಾಂಶ ನೋಡಿ ಬೇರೆ ಯಾರಾದರೂ ಆಗಿದ್ದರೆ, ಅಗಿಯುವುದರಿಂದಲೇ ಇದೆಲ್ಲ ಆಯಿತು ಎಂದು ಒಪ್ಪಿಬಿಡುತ್ತಿದ್ದರೇನೋ. ಚಿಟೆಂಡನ್ ಒಪ್ಪಲಿಲ್ಲ. ಅವರು ನೋಡಿದ್ದು ಇನ್ನೊಂದು ಪ್ರಶ್ನೆಯನ್ನು. ಫ್ಲೆಚರ್ ಗಟ್ಟಿಯಾಗಿದ್ದದ್ದು ಅಗಿದಿದ್ದಕ್ಕೋ, ಅಥವಾ ಮನುಷ್ಯನಿಗೆ ಮೊದಲಿನಿಂದಲೂ ಅಷ್ಟೇ ಪ್ರೋಟೀನ್ ಸಾಕಾಗುತ್ತದೋ?

ಒಬ್ಬ ಮನುಷ್ಯನ ಮೇಲಿನ ಪರೀಕ್ಷೆಯಿಂದ ಇದು ತೀರ್ಮಾನವಾಗುವುದಿಲ್ಲ. ಹಾಗಾಗಿ 1903 ಮತ್ತು 1904ರಲ್ಲಿ ಚಿಟೆಂಡನ್ ಮೂರು ಗುಂಪು ಮಾಡಿದರು. ತಾವೂ ಸೇರಿದಂತೆ ಯೇಲ್‌ನ ಅಧ್ಯಾಪಕರು, ಅಮೆರಿಕ ಸೇನೆಯ ಆಸ್ಪತ್ರೆ ದಳದ ಸೈನಿಕರು, ಕ್ರೀಡಾಪಟುಗಳಾಗಿದ್ದ ವಿದ್ಯಾರ್ಥಿಗಳು. ಎಲ್ಲರೂ ಆರೋಗ್ಯವಂತರು. ಅವರ ಪ್ರೋಟೀನ್ ಕಡಿಮೆ ಮಾಡಿ ತಿಂಗಳುಗಟ್ಟಲೆ ಅಳೆದರು. ಯಾರೂ ಸೊರಗಲಿಲ್ಲ. 1904ರಲ್ಲಿ ಪ್ರಕಟವಾದ ಚಿಟೆಂಡನ್ ಅವರ ಪುಸ್ತಕದ ಒತ್ತು ಪ್ರೋಟೀನ್ ಪ್ರಮಾಣದ ಮೇಲೆ, ಅಗಿಯುವುದರ ಮೇಲಲ್ಲ.

ಈ ವಿಷಯದಲ್ಲಿ ಚಿಟೆಂಡನ್ ಬಹುಮಟ್ಟಿಗೆ ಸರಿ ಎಂದು ಕಾಲ ತೋರಿಸಿತು. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಆರೋಗ್ಯವಂತ ವಯಸ್ಕರಿಗೆ ದೇಹದ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎನ್ನುತ್ತದೆ. 65 ಕೆಜಿ ತೂಕದವರಿಗೆ ಸುಮಾರು 54 ಗ್ರಾಂ. 118 ಗ್ರಾಂ ಎಂಬ ಹಳೆಯ ನಿಯಮ ಬಿದ್ದುಹೋಯಿತು. ಅದು ಬೀಳಲು ಫ್ಲೆಚರ್ ದೇಹ ಒಂದು ನೆಪವಾಯಿತು. ಆದರೆ ಅವರು ಸಾಬೀತು ಮಾಡಲು ಹೊರಟ ವಿಷಯ ಮಾತ್ರ ಸಾಬೀತಾಗದೆ ಉಳಿಯಿತು.

ಆರೋಗ್ಯದ ಎಷ್ಟೋ ಮೆಸೇಜ್‌ಗಳಲ್ಲಿ ಆಗುವುದು ಇದೇ. ನನ್ನ ಭಾವ ದಿನಾ ಇಂಥದ್ದು ತಿಂದರು, ಶುಗರ್ ಇಳಿಯಿತು ಎಂದು ಒಬ್ಬರು ಬರೆಯುತ್ತಾರೆ. ಶುಗರ್ ಇಳಿದದ್ದು ಸುಳ್ಳಲ್ಲದೇ ಇರಬಹುದು. ಆದರೆ ಅದೇ ತಿಂಗಳು ಭಾವ ರಾತ್ರಿ ಅನ್ನ ಬಿಟ್ಟಿರಬಹುದು, ವಾಕಿಂಗ್ ಶುರು ಮಾಡಿರಬಹುದು, ಡಾಕ್ಟರ್ ಮಾತ್ರೆ ಬದಲಿಸಿರಬಹುದು. ಪರಿಣಾಮ ನಿಜವಾದ ಮಾತ್ರಕ್ಕೆ ಹೇಳಿದ ಕಾರಣವೂ ನಿಜವಾಗುವುದಿಲ್ಲ.

ಹಿಂಬಾಲಿಸಿದವರು, ಬಿಟ್ಟವರು

ಅಷ್ಟರಲ್ಲಿ ಫ್ಲೆಚರಿಸಂ ಹಬ್ಬಿಯಾಗಿತ್ತು. ಫ್ಲೆಚರ್ ಒಳ್ಳೆಯ ಮಾತುಗಾರರು. ಸಲಹೆ ಸರಳ, ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು, ಜೊತೆಗೆ ಯೇಲ್ ಮತ್ತು ಕೇಂಬ್ರಿಡ್ಜ್ ಹೆಸರಿನ ಬಲ. ಬ್ಯಾಟಲ್ ಕ್ರೀಕ್‌ನ ಹೆಸರಾಂತ ಆರೋಗ್ಯಧಾಮದ ವೈದ್ಯ ಜಾನ್ ಹಾರ್ವೆ ಕೆಲಾಗ್ ತಮ್ಮ ರೋಗಿಗಳಿಗಾಗಿ ಅಗಿಯುವ ಹಾಡನ್ನೇ ಇಟ್ಟುಕೊಂಡಿದ್ದರು. ಕಾದಂಬರಿಕಾರ ಹೆನ್ರಿ ಜೇಮ್ಸ್, ಅವರ ಅಣ್ಣ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಲೇಖಕ ಅಪ್ಟನ್ ಸಿಂಕ್ಲೇರ್ ಎಲ್ಲರೂ ಅಗಿದು ನೋಡಿದರು. ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾ ಕೂಡ ಇದನ್ನು ಪಾಲಿಸಿದವರು.

ಪಾಲಿಸಿದವರ ಮುಂದಿನ ಅನುಭವ ಮಾತ್ರ ಅಷ್ಟು ಸಿಹಿಯಾಗಿರಲಿಲ್ಲ. ವಿಲಿಯಂ ಜೇಮ್ಸ್ ಮೂರು ತಿಂಗಳಲ್ಲಿ ಕೈಬಿಟ್ಟರು. ಹೆನ್ರಿ ಜೇಮ್ಸ್ ವರ್ಷಗಟ್ಟಲೆ ಶ್ರದ್ಧೆಯಿಂದ ಅಗಿದು, ಕೊನೆಗೆ ಹೊಟ್ಟೆಯ ತೊಂದರೆ ಹೆಚ್ಚಾದಾಗ ಇದನ್ನೇ ದೂರಿ ಬಿಟ್ಟುಬಿಟ್ಟರು. ನಾರಿನಂಶವೇ ಕರುಳಿಗೆ ಆಧಾರ ಎಂದು ನಂಬಿದ್ದ ಕೆಲಾಗ್ ಕೂಡ ದೂರ ಸರಿದರು. ನಾರು, ಸಿಪ್ಪೆ ಎಲ್ಲ ಉಗಿದರೆ ಕರುಳಿಗೆ ಹೋಗುವುದೇನು? ತಮಗೆ ಹಲವು ದಿನಕ್ಕೊಮ್ಮೆ ಮಾತ್ರ, ಅದೂ ವಾಸನೆಯಿಲ್ಲದೆ ಒಣಗಿದಂತೆ ಮಲ ಹೋಗುತ್ತದೆ ಎಂಬುದನ್ನು ಫ್ಲೆಚರ್ ಆರೋಗ್ಯದ ಗುರುತು ಎಂದೇ ಹೆಮ್ಮೆಪಡುತ್ತಿದ್ದರು. ಇಂದು ಯಾರಾದರೂ ಹೀಗೆ ಹೇಳಿದರೆ ಡಾಕ್ಟರ್ ಅದನ್ನು ಮಲಬದ್ಧತೆ ಎನ್ನುತ್ತಾರೆ.

ಮೊದಲ ಮಹಾಯುದ್ಧ ಬಂತು. ಜರ್ಮನ್ ಸೈನ್ಯದ ಹಿಡಿತದಲ್ಲಿದ್ದ ಬೆಲ್ಜಿಯಂನಲ್ಲಿ ಜನ ಹಸಿದಿದ್ದರು. ಹರ್ಬರ್ಟ್ ಹೂವರ್ ಮುನ್ನಡೆಸುತ್ತಿದ್ದ ಪರಿಹಾರ ಸಂಸ್ಥೆಯೊಂದಿಗೆ ಫ್ಲೆಚರ್ ಸೇರಿಕೊಂಡು, ಸಿಕ್ಕ ಅಲ್ಪ ಆಹಾರವನ್ನು ಚೆನ್ನಾಗಿ ಅಗಿದು ಬಳಸುವುದನ್ನು ಹೇಳಿಕೊಡಲು ಹೊರಟರು. ಅವರ ಕಾಳಜಿಯಲ್ಲಿ ಕಪಟವಿರಲಿಲ್ಲ. ಆದರೆ ತಟ್ಟೆ ತುಂಬಿದವನಿಗೆ ಉಪಯೋಗವಾದ ಸಲಹೆ ತಟ್ಟೆ ಖಾಲಿ ಇರುವವನಿಗೆ ಊಟವಾಗುವುದಿಲ್ಲ. ಎಷ್ಟು ಅಗಿದರೂ ರೊಟ್ಟಿಯಲ್ಲಿ ಇಲ್ಲದ ಕ್ಯಾಲರಿ ಹುಟ್ಟುವುದಿಲ್ಲ.

1919ರ ಜನವರಿ 13ರಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ, ಶ್ವಾಸನಾಳದ ಸೋಂಕಿನಿಂದ ಫ್ಲೆಚರ್ ತೀರಿಕೊಂಡರು. ಆಗ ಅವರಿಗೆ 69 ವರ್ಷ. ಕ್ಯಾಲರಿ ಎಣಿಸುವ ಹೊಸ ಪದ್ಧತಿಗಳು ಬಂದ ಮೇಲೆ ಅವರ ಚಳವಳಿಯೂ ಮಂಕಾಯಿತು.

ಗಂಟಲಿನಲ್ಲಿ ಜರಡಿ ಇದೆಯೇ?

ಫ್ಲೆಚರ್ ಕಾಲದಲ್ಲಿ ನುಂಗುವುದನ್ನು ಒಳಗಿನಿಂದ ನೋಡುವುದು ಸುಲಭವಾಗಿರಲಿಲ್ಲ. ಈಗ ಎಕ್ಸ್‌ರೇ ವಿಡಿಯೋದಲ್ಲಿ, ಮೂಗಿನ ಮೂಲಕ ಇಳಿಸುವ ತೆಳುವಾದ ಕ್ಯಾಮೆರಾದಲ್ಲಿ ಅದನ್ನು ನೇರವಾಗಿ ನೋಡಬಹುದು.

ನೀವೇ ಒಂದು ಸಣ್ಣ ಕೆಲಸ ಮಾಡಿ. ಗಂಟಲಿನ ಮುಂಭಾಗದ ಗಟ್ಟಿ ಉಬ್ಬಿನ ಮೇಲೆ ಎರಡು ಬೆರಳು ಇಟ್ಟು ಜೊಲ್ಲು ನುಂಗಿ. ಆ ಉಬ್ಬು ಮೇಲಕ್ಕೆ ಹೋಗಿ ಕೆಳಗೆ ಇಳಿಯುವುದು ಬೆರಳಿಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿನಲ್ಲಿ ಒಳಗೆ ಎಷ್ಟೆಲ್ಲ ನಡೆಯುತ್ತದೆ ನೋಡಿ. ನಾಲಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಮೃದು ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೆ ಸರಿಯುತ್ತದೆ, ಅದರ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. ಅನ್ನನಾಳದ ಬಾಯಿ ತೆರೆಯುತ್ತದೆ. ಗಂಟಲಿನ ಈ ಕೆಲಸವೆಲ್ಲ ಮುಗಿಯುವುದು ಸುಮಾರು ಒಂದು ಸೆಕೆಂಡಿನಲ್ಲಿ. ಈ ಹೊಂದಾಣಿಕೆ ತಪ್ಪಿದಾಗಲೇ ನಾವು ನೆತ್ತಿಗೆ ಹತ್ತಿತು ಎನ್ನುವುದು.

ಇದರಲ್ಲಿ ಒಳ್ಳೆಯ ಆಹಾರ, ಕೆಟ್ಟ ಆಹಾರ ಎಂದು ಆರಿಸುವ ಜರಡಿ ಎಲ್ಲೂ ಇಲ್ಲ. ತುತ್ತನ್ನು ಯಾವಾಗ ಹಿಂದಕ್ಕೆ ತಳ್ಳಬೇಕು ಎಂಬುದು ಬಹುಮಟ್ಟಿಗೆ ನಮ್ಮ ಇಚ್ಛೆ. ಗಂಟಲು ದಾಟಿದ ಮೇಲಿನದು ತಾನಾಗಿ ನಡೆಯುವುದು.

ತುತ್ತು ನುಂಗಲು ಸಿದ್ಧವಾಗುವುದಕ್ಕೆ ಎರಡು ಸಂಗತಿ ಬೇಕು. ಚೂರುಗಳು ಸಣ್ಣವಾಗಬೇಕು, ಮತ್ತು ಜೊಲ್ಲು ಬೆರೆತು ಅವೆಲ್ಲ ಒಂದು ಉಂಡೆಯಾಗಿ ಅಂಟಿಕೊಳ್ಳಬೇಕು. 1997ರಲ್ಲಿ ಇಬ್ಬರು ಸಂಶೋಧಕರು ಇದರ ಲೆಕ್ಕ ಹಾಕಿ, ಗಟ್ಟಿ ತಿನಿಸು ಸುಮಾರು 20ರಿಂದ 25 ಸಲ ಅಗಿದಾಗ ಚೆನ್ನಾಗಿ ಅಂಟಿಕೊಳ್ಳುತ್ತದೆ, ಅದಕ್ಕಿಂತ ತೀರಾ ಹೆಚ್ಚು ಅಗಿದರೆ ಜೊಲ್ಲು ಜಾಸ್ತಿಯಾಗಿ ಉಂಡೆ ಮತ್ತೆ ಬಿಡಿಬಿಡಿಯಾಗುತ್ತದೆ ಎಂದು ತೋರಿಸಿದರು. ಅಂದರೆ 722 ಸಲ ಅಗಿಯುವುದು ನುಂಗಲು ಅನುಕೂಲವೂ ಅಲ್ಲ.

ಇಂದು ಪರೀಕ್ಷೆ ಹೇಗೆ ನಡೆಯುತ್ತದೆ?

ಫ್ಲೆಚರ್ ಪರೀಕ್ಷೆಯಲ್ಲಿ ಮೂತ್ರ ಅಳೆದರು, ಸ್ನಾಯುವಿನ ಶಕ್ತಿ ಅಳೆದರು. ಆದರೆ ಅಗಿಯುವುದನ್ನು ಮತ್ತು ನುಂಗುವುದನ್ನೇ ಅಳೆಯುವ ಸರಳ ವಿಧಾನಗಳು ಬಂದದ್ದು ಆಮೇಲೆ. 1950ರಲ್ಲಿ ದಂತವೈದ್ಯ ಸಂಶೋಧಕರು ಜನರಿಗೆ ಕಡಲೆಕಾಯಿ ಬೀಜ ಕೊಟ್ಟು, ಎಣಿಸಿದಷ್ಟೇ ಸಲ ಅಗಿಸಿ, ಉಗಿಸಿ, ಜರಡಿ ಹಿಡಿದು ಎಷ್ಟು ನುಣ್ಣಗಾಗಿದೆ ಎಂದು ನೋಡಿದರು. ಈಗ ಎರಡು ಬಣ್ಣದ ಚೂಯಿಂಗ್ ಗಮ್ ಕೊಟ್ಟು, 20 ಸಲ ಅಗಿದ ಮೇಲೆ ಬಣ್ಣಗಳು ಎಷ್ಟು ಬೆರೆತಿವೆ ಎಂದು ನೋಡುವ ಪದ್ಧತಿಯೂ ಇದೆ.

ಅಗಿಯುವುದನ್ನೂ ನುಂಗುವುದನ್ನೂ ಒಟ್ಟಿಗೇ ನೋಡುವ ಇನ್ನೊಂದು ಪರೀಕ್ಷೆಯಲ್ಲಿ ಒಂದು ತೆಳುವಾದ ಉಪ್ಪು ಬಿಸ್ಕತ್ತು ಕೊಡುತ್ತಾರೆ. ಆರಾಮವಾಗಿ ಆದಷ್ಟು ಬೇಗ ತಿಂದು, ಮುಗಿದ ಮೇಲೆ ಹೆಸರು ಹೇಳಬೇಕು. ಎಷ್ಟು ಸಲ ಕಚ್ಚಿದರು, ಎಷ್ಟು ಸಲ ಅಗಿದರು, ಎಷ್ಟು ಸಲ ನುಂಗಿದರು, ಎಷ್ಟು ಸೆಕೆಂಡ್ ಹಿಡಿಯಿತು, ಇಷ್ಟನ್ನು ಎಣಿಸುತ್ತಾರೆ. ಜೊಲ್ಲನ್ನು 30 ಸೆಕೆಂಡಿನಲ್ಲಿ ಎಷ್ಟು ಸಲ ನುಂಗಬಲ್ಲಿರಿ ಎಂದು ನೋಡುವ ಪರೀಕ್ಷೆಯಲ್ಲಿ ಮೂರಕ್ಕಿಂತ ಕಡಿಮೆಯಾದರೆ ಮುಂದಿನ ತಪಾಸಣೆ ಬೇಕೆನ್ನುತ್ತಾರೆ.

ಇವನ್ನು ರೋಗಿಗಳಿಗೆ ಮಾಡುವುದು ಸರಿ, ಆರೋಗ್ಯವಂತರಿಗೆ ಯಾಕೆ? ಸಾಮಾನ್ಯ ಎಂದರೆ ಎಷ್ಟು ಎಂದು ಗೊತ್ತಿಲ್ಲದೆ ಕಡಿಮೆ ಯಾವುದು ಎಂದು ಹೇಳಲಾಗುವುದಿಲ್ಲ. ಹಾಗೆ ಆರೋಗ್ಯವಂತರನ್ನು ಪರೀಕ್ಷಿಸಿದಾಗ ಕಂಡದ್ದೇನು? ಒಂದೇ ತಿನಿಸನ್ನು ನುಂಗಲು ಒಬ್ಬರು ಅಗಿಯುವುದಕ್ಕೂ ಇನ್ನೊಬ್ಬರು ಅಗಿಯುವುದಕ್ಕೂ ಹಲವು ಪಟ್ಟು ವ್ಯತ್ಯಾಸವಿದೆ. ವಯಸ್ಸಾದಂತೆ ಹೆಚ್ಚು ಹೊತ್ತು ಬೇಕು. ಗಟ್ಟಿ, ಒಣ ತಿನಿಸಿಗೆ ಹೆಚ್ಚು, ಮೆತ್ತನೆಯದಕ್ಕೆ ಕಡಿಮೆ. ಬೇಗ ಚೂರು ಮಾಡಬಲ್ಲವರು ಬೇಗ ನುಂಗುತ್ತಾರೆ ಎಂದೂ ಇಲ್ಲ, ಪ್ರತಿಯೊಬ್ಬರಿಗೂ ಅವರವರದ್ದೇ ಅಭ್ಯಾಸ. ಎಲ್ಲರಿಗೂ ಎಲ್ಲ ತಿನಿಸಿಗೂ ಹೊಂದುವ 32ರಂಥ ಒಂದು ಸಂಖ್ಯೆ ಇಲ್ಲ.

ಅಗಿಯದಿದ್ದರೆ ಜೀರ್ಣವಾಗುವುದೇ ಇಲ್ಲವೇ? ನಮ್ಮ ರಾಗಿ ಮುದ್ದೆಯನ್ನೇ ನೋಡಿ. ಹಳೇ ಮೈಸೂರು ಸೀಮೆಯಲ್ಲಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದೇ ಕ್ರಮ. ಅದನ್ನೇ ತಿಂದು ದಿನವಿಡೀ ಹೊಲದಲ್ಲಿ ದುಡಿದವರು ನಮ್ಮ ಅಜ್ಜಂದಿರು. ಬೆಂದ ಹಿಟ್ಟನ್ನು ಜೀರ್ಣ ಮಾಡುವ ಕೆಲಸ ಬಾಯಲ್ಲಿ ಶುರುವಾದರೂ ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. 1956ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಅಗಿದ ಮತ್ತು ಅಗಿಯದ ಆಹಾರವನ್ನು ಪುಟ್ಟ ಬಟ್ಟೆ ಚೀಲದಲ್ಲಿಟ್ಟು ನುಂಗಿಸಿ, ಆಮೇಲೆ ಚೀಲದಲ್ಲಿ ಏನು ಉಳಿದಿದೆ ಎಂದು ನೋಡಿದರು. ಮೆತ್ತನೆಯ ಹಲವು ಆಹಾರಗಳು ಅಗಿಯದಿದ್ದರೂ ಜೀರ್ಣವಾಗಿದ್ದವು. ಮಾಂಸ, ಕೆಲವು ತರಕಾರಿಗಳಿಗೆ ಅಗಿಯುವುದರಿಂದ ನಿಜಕ್ಕೂ ಪ್ರಯೋಜನವಿತ್ತು. ಬಾದಾಮಿಯಂಥ ಬೀಜಗಳನ್ನು ಹೆಚ್ಚು ಅಗಿದಷ್ಟೂ ಅದರ ಕೊಬ್ಬು ದೇಹಕ್ಕೆ ಹೆಚ್ಚು ಸೇರುತ್ತದೆ ಎಂದೂ ಕಂಡುಬಂದಿದೆ. ಅಂದರೆ ಅಗಿದರೆ ಕೊಬ್ಬು ಕರಗುತ್ತದೆ ಎನ್ನುವುದಕ್ಕೆ ಇದು ಉಲ್ಟಾ!

ಫಾರ್ವರ್ಡ್ ಬಂದರೆ ಏನು ಹೇಳಬೇಕು?

ಮೆಸೇಜ್‌ನಲ್ಲಿ ಒಂದು ಪಾಲು ನಿಜ ಇದೆ. ನಿಧಾನವಾಗಿ ತಿಂದರೆ ಹೊಟ್ಟೆ ತುಂಬಿತು ಎಂಬ ಅರಿವು ಬರಲು ಸಮಯ ಸಿಗುತ್ತದೆ, ಸ್ವಲ್ಪ ಕಡಿಮೆ ತಿನ್ನುತ್ತೇವೆ. ಮೊಬೈಲ್ ನೋಡುತ್ತ ಗಬಗಬ ತಿನ್ನುವುದಕ್ಕಿಂತ ಅದು ಒಳ್ಳೆಯದು. ಆದರೆ ಅದು ಶುಗರ್ ಮಾತ್ರೆಗೆ ಬದಲಿಯಲ್ಲ. ಮಾತ್ರೆ ಬಿಟ್ಟು ತುತ್ತು ಎಣಿಸಲು ಕೂತರೆ ಅಪಾಯ ನಿಜವಾದದ್ದು.

ಇನ್ನೊಂದು ಅಪಾಯ ಯಾರ ಗಮನಕ್ಕೂ ಬರುವುದಿಲ್ಲ. ಮನೆಯಲ್ಲಿ ಅಜ್ಜಿಯೋ ಅಪ್ಪನೋ ಊಟ ಮಾಡುವಾಗ ಪದೇ ಪದೇ ಕೆಮ್ಮುತ್ತಾರೆ, ಒಂದು ಊಟಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ಸರಿಯಾಗಿ ಅಗಿದು ತಿನ್ನಿ ಎಂದು ನಾವು ಗದರುತ್ತೇವೆ. ತಪ್ಪು ಅವರದ್ದಲ್ಲ, ನುಂಗುವ ಸ್ನಾಯುಗಳದ್ದಿರಬಹುದು. ಲಕ್ವ ಹೊಡೆದ ಮೇಲೆ, ಪಾರ್ಕಿನ್ಸನ್ ಇದ್ದಾಗ, ಗಂಟಲು ಅಥವಾ ಬಾಯಿಯ ಚಿಕಿತ್ಸೆಯ ನಂತರ ಹೀಗಾಗುವುದು ಸಾಮಾನ್ಯ. ಈ ಲಕ್ಷಣಗಳಿದ್ದರೆ ಡಾಕ್ಟರಿಗೆ ತೋರಿಸಿ:

• ನೀರು ಕುಡಿದಾಗ ಅಥವಾ ಊಟದಲ್ಲಿ ಆಗಾಗ ಕೆಮ್ಮು, ನೆತ್ತಿಗೆ ಹತ್ತುವುದು
• ನುಂಗಿದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ
• ತುತ್ತು ಗಂಟಲಲ್ಲಿ ಅಥವಾ ಎದೆಯಲ್ಲಿ ಸಿಕ್ಕಿಕೊಂಡಂತೆ ಅನಿಸುವುದು
• ಮತ್ತೆ ಮತ್ತೆ ನ್ಯುಮೋನಿಯಾ, ಕಾರಣವಿಲ್ಲದೆ ತೂಕ ಇಳಿಯುವುದು

ಇಂಥವರಿಗೆ ಮನೆಯಲ್ಲೇ ನೀರು ಕುಡಿಸಿ, ಬಿಸ್ಕತ್ತು ತಿನ್ನಿಸಿ ಪರೀಕ್ಷೆ ಮಾಡಲು ಹೋಗಬೇಡಿ. ಇಎನ್‌ಟಿ ವೈದ್ಯರು ಮತ್ತು ವಾಕ್-ಶ್ರವಣ ತಜ್ಞರು ಇದನ್ನು ನೋಡುತ್ತಾರೆ. ಮಾತು ಮತ್ತು ಕಿವಿಯ ತೊಂದರೆಗೆಂದು ಹೆಚ್ಚಿನವರು ತಿಳಿದಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ನುಂಗುವ ತೊಂದರೆಗೆ ಪರೀಕ್ಷೆ, ಚಿಕಿತ್ಸೆ ಇದೆ.

ಫ್ಲೆಚರ್ ಸುಳ್ಳುಗಾರರಾಗಿರಲಿಲ್ಲ. ತಮಗೆ ಆದದ್ದನ್ನು ಹೇಳಿದರು, ಪರೀಕ್ಷೆಗೂ ಒಡ್ಡಿಕೊಂಡರು. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಆದರೆ ತಮಗೆ ಆದದ್ದಕ್ಕೆ ಕಾರಣವನ್ನು ಪರೀಕ್ಷೆಗೆ ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಮುಂದಿನ ಸಲ ಗ್ರೂಪಿನಲ್ಲಿ ಇಂಥ ಮೆಸೇಜ್ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿ. ಇದನ್ನು ಎಷ್ಟು ಜನರ ಮೇಲೆ ನೋಡಿದ್ದಾರೆ? ಅವರು ಅದೇ ಹೊತ್ತಿಗೆ ಬೇರೆ ಏನೇನು ಬದಲಿಸಿದ್ದರು? ಉತ್ತರ ಮೆಸೇಜ್‌ನಲ್ಲಿ ಇಲ್ಲದಿದ್ದರೆ, ಅದು ನಿಮ್ಮ ಫೋನಿನಲ್ಲೇ ಉಳಿಯಲಿ.